ಸ್ಯಾಂಡ್‌ಟಾಫ್ಟ್ ಟ್ರಾಲಿಬಸ್ ಮ್ಯೂಸಿಯಂ: ತಂತಿ ಕೆಲಸದವನ ಕಣ್ಣಲ್ಲಿ

ಇಂಗ್ಲೆಂಡಿನ ಡಾಂಕಾಸ್ಟರ್ ಸುತ್ತಮುತ್ತ ಇರುವ ನಮ್ಮವರಿಗೆಲ್ಲ ಬೇಸಿಗೆಯಲ್ಲಿ ಒಂದೇ ಸಮಸ್ಯೆ. ಊರಿನಿಂದ ಹಿರಿಯರು ಬರುತ್ತಾರೆ. ಯಾರ್ಕ್‌ನ ದೊಡ್ಡ ಚರ್ಚು ತೋರಿಸುತ್ತೇವೆ, ವಿಟ್ಬಿಗೆ ಕರೆದುಕೊಂಡು ಹೋಗಿ ಸಮುದ್ರ ತೋರಿಸುತ್ತೇವೆ. ಕುಂದಾಪುರದವರಿಗೆ ಸಮುದ್ರ ತೋರಿಸಿ ಏನು ಸಿಗುತ್ತದೆ ಹೇಳಿ? ಆಮೇಲೆ ಅವರು ಕಿಟಕಿ ಪಕ್ಕ ಕೂತು ವಾಪಸ್ ಟಿಕೆಟ್ ಯಾವಾಗ ಅಂತ ಕೇಳಲು ಶುರು ಮಾಡುತ್ತಾರೆ.

ಅಂಥವರನ್ನು ಸ್ಯಾಂಡ್‌ಟಾಫ್ಟ್‌ಗೆ ಕರೆದುಕೊಂಡು ಹೋಗಿ. ಅದರಲ್ಲೂ ಅವರು 60ರ ದಶಕದಲ್ಲಿ ಮುಂಬೈನಲ್ಲಿ ದುಡಿದವರಾಗಿದ್ದರೆ ಖಂಡಿತ ಹೋಗಿ. ಟ್ರಾಲಿಬಸ್ ಅಂದರೆ ಮೇಲಿನ ತಂತಿಯಿಂದ ಕರೆಂಟು ಪಡೆದು ಓಡುವ ಬಸ್ಸು. ಹಳೆಯ ಟ್ರಾಲಿಬಸ್ಸುಗಳ ಸಂಗ್ರಹದಲ್ಲಿ ಇದು ಪ್ರಪಂಚದಲ್ಲೇ ದೊಡ್ಡದು ಅನ್ನುತ್ತಾರೆ. ನಿಂತ ಬಸ್ಸುಗಳನ್ನು ಸುಮ್ನೆ ನೋಡಿ ಬರುವ ಜಾಗ ಅಲ್ಲ ಇದು. ಮೇಲೆ ತಂತಿ ಇದೆ, ತಂತಿಯಲ್ಲಿ ಕರೆಂಟಿದೆ, ಬಸ್ಸು ಓಡುತ್ತದೆ. ಟಿಕೆಟ್ ತೆಗೆದುಕೊಂಡು ಒಳಗೆ ಹೋದರೆ ಸಾಕು, ಬೇಕಾದಷ್ಟು ಸಲ ಹತ್ತಿ ಇಳಿಯಬಹುದು.

ಜಾಗ ಇರುವುದು ಲಿಂಕನ್‌ಶೈರ್‌ನ ಆಕ್ಸಮ್ ದ್ವೀಪ ಅನ್ನುವ ಕಡೆ. ದ್ವೀಪ ಅಂತ ಹೆಸರಷ್ಟೇ, ಸುತ್ತ ನೀರಿಲ್ಲ. ಹಿಂದೆ ಜೌಗು ಇತ್ತು. 1620ರ ದಶಕದಲ್ಲಿ ವರ್ಮೈಡನ್ ಅನ್ನುವ ಡಚ್ ಎಂಜಿನಿಯರ್ ಕಾಲುವೆ ತೋಡಿಸಿ ನೀರು ಬಸಿದ. ಈಗ ಎಲ್ಲಿ ನೋಡಿದರೂ ಕಪ್ಪು ಮಣ್ಣಿನ ಸಪಾಟು ಗದ್ದೆ. ಎರಡನೇ ಮಹಾಯುದ್ಧದ ಕೊನೆಯ ಹೊತ್ತಿಗೆ ಇಲ್ಲಿ ಬಾಂಬರ್ ವಿಮಾನ ಓಡಿಸುವವರಿಗೆ ತರಬೇತಿ ಕೊಡುತ್ತಿದ್ದರು. ಆ ಹಳೆ ವಾಯುನೆಲೆಯ ತುಂಡೊಂದರಲ್ಲಿ 1969ರಲ್ಲಿ ಕೆಲವು ಬಸ್ ಹುಚ್ಚರು ಸೇರಿ ಮ್ಯೂಸಿಯಂ ಶುರು ಮಾಡಿದರು. ಆಗಿನ್ನೂ ಬ್ರಾಡ್‌ಫರ್ಡ್‌ನಲ್ಲಿ ಟ್ರಾಲಿಬಸ್ ಓಡುತ್ತಲೇ ಇತ್ತು. ಇವತ್ತಿಗೂ ಇಲ್ಲಿನ ಕೆಲಸವನ್ನು ಹೊರುವುದು ಸ್ವಯಂಸೇವಕರೇ. ಟಿಕೆಟ್ ಹರಿಯುವವರು, ಬಸ್ಸು ಓಡಿಸುವವರು, ಮೋಟಾರು ಬಿಚ್ಚುವವರು, ಹುಲ್ಲು ಕತ್ತರಿಸುವವರು, ಎಲ್ಲ.

ನನ್ನ ಬಗ್ಗೆ ಎರಡು ಮಾತು ಹೇಳಬೇಕು, ಯಾಕೆಂದರೆ ಈ ವಿಮರ್ಶೆ ಸ್ವಲ್ಪ ಒಂದು ಕಡೆ ವಾಲುತ್ತದೆ. ನಾನು ಊರಲ್ಲಿ ಕರೆಂಟಿನ ಲೈನ್ ಎಳೆಯುವ ಗುತ್ತಿಗೆದಾರರ ಕೈಕೆಳಗೆ ಕೆಲಸ ಕಲಿತವನು. ಕರಾವಳಿಯ ಉಪ್ಪು ಗಾಳಿಗೆ ಕ್ಲಾಂಪು ಹೇಗೆ ತಿಂದುಹೋಗುತ್ತದೆ ಅಂತ ಕಂಬ ಹತ್ತಿ ನೋಡಿದ್ದೇನೆ. ಈಗ ಇಲ್ಲಿ ರೈಲಿನ ಮೇಲಿನ ತಂತಿಯ ಕೆಲಸ. ಹಾಗಾಗಿ ಬೇರೆಯವರು ಬಸ್ಸಿನ ಬಣ್ಣ ನೋಡುವಾಗ ನನ್ನ ಕುತ್ತಿಗೆ ತಾನಾಗಿಯೇ ಮೇಲೆ ಹೋಗುತ್ತದೆ.

ಅಲ್ಲಿ ನೋಡುವುದಕ್ಕೆ ಬಹಳ ಇದೆ. ರೈಲಿಗೆ ಮೇಲೆ ಒಂದು ತಂತಿ ಸಾಕು. ಕರೆಂಟು ಮೇಲಿಂದ ಇಳಿದು, ಮೋಟಾರು ತಿರುಗಿಸಿ, ಉಕ್ಕಿನ ಗಾಲಿಯಿಂದ ಹಳಿಗೆ ಹೋಗಿ ವಾಪಸಾಗುತ್ತದೆ. ಟ್ರಾಲಿಬಸ್ಸಿಗೆ ಹಳಿ ಎಲ್ಲಿದೆ? ಕೆಳಗಿರುವುದು ರಬ್ಬರ್ ಟೈರು. ಹಾಗಾಗಿ ಕರೆಂಟು ಬರಲು ಒಂದು ತಂತಿ, ಹೋಗಲು ಇನ್ನೊಂದು. ಎರಡರ ನಡುವೆ ಸುಮಾರು ಎರಡು ಅಡಿ. ಬಸ್ಸಿನ ಮಾಡಿನ ಮೇಲೆ ಎರಡು ಉದ್ದ ಕೋಲು, ಸ್ಪ್ರಿಂಗಿನ ಬಲದಿಂದ ಸದಾ ಮೇಲಕ್ಕೆ ಒತ್ತುತ್ತಿರುತ್ತವೆ. ಕೋಲಿನ ತುದಿಯಲ್ಲಿ ತೋಡು ಇರುವ ಒಂದು ಕಾರ್ಬನ್ ತುಂಡು. ಅದು ತಂತಿಯನ್ನು ಕೆಳಗಿಂದ ಕಚ್ಚಿಕೊಂಡು ಜಾರುತ್ತದೆ. ಹಿಂದಿನ ಕಾಲದಲ್ಲಿ ತುದಿಗೆ ಸಣ್ಣ ಲೋಹದ ಗಾಲಿ ಇರುತ್ತಿತ್ತು, ಅದು ಕಿರುಚುತ್ತಿತ್ತು, ತಂತಿಯನ್ನೂ ಸವೆಸುತ್ತಿತ್ತು. ಕಾರ್ಬನ್ ಬಂದ ಮೇಲೆ ಸದ್ದೂ ಹೋಯಿತು, ತಂತಿಯ ಆಯುಷ್ಯವೂ ಹೆಚ್ಚಿತು. ಸವೆಯುವುದು ಕಾರ್ಬನ್ನೇ, ಅದು ಅಗ್ಗ. ಮಳೆಯಲ್ಲಿ ಜಾಸ್ತಿ ಸವೆಯುತ್ತದೆ.

ದಾರಿ ಎರಡಾಗುವ ಕಡೆ ಇನ್ನೂ ಮಜಾ. ಬಲಕ್ಕೆ ಹೋಗುವ ಜೋಡಿಯ ಒಂದು ತಂತಿ, ನೇರ ಹೋಗುವ ಜೋಡಿಯ ಇನ್ನೊಂದು ತಂತಿಯನ್ನು ದಾಟಲೇಬೇಕು. ಒಂದು ಪಾಸಿಟಿವ್, ಇನ್ನೊಂದು ನೆಗೆಟಿವ್. ಮುಟ್ಟಿದರೆ ಢಂ. ಅದಕ್ಕೆ ಅಲ್ಲೊಂದು ಸಣ್ಣ ತುಂಡು ಕರೆಂಟೇ ಇಲ್ಲದ ಹಾಗೆ ಕಟ್ಟಿರುತ್ತಾರೆ. ಡ್ರೈವರ್ ಅಲ್ಲಿ ಕಾಲು ಎತ್ತಿ, ಬಸ್ಸನ್ನು ಅದರ ಓಟದಲ್ಲೇ ಹೋಗಲು ಬಿಡಬೇಕು. ತಂತಿಯ ದಾರಿ ಬದಲಿಸುವ ಸಾಮಾನಿಗೆ ಫ್ರಾಗ್ ಅನ್ನುತ್ತಾರೆ. ಹಿಂದೆ ಎಷ್ಟೋ ಕಡೆ ಕಂಡಕ್ಟರೇ ಕೆಳಗಿಳಿದು, ಕಂಬಕ್ಕಿದ್ದ ಹಿಡಿಯನ್ನು ಎಳೆದು ಹಿಡಿದು, ಬಸ್ಸು ದಾಟಿದ ಮೇಲೆ ಓಡಿ ಬಂದು ಹತ್ತಬೇಕಿತ್ತು. ಬಸ್ಸು ತಂತಿಯ ನೇರ ಕೆಳಗೇ ಹೋಗಬೇಕಂತಿಲ್ಲ. ಎರಡೂ ಬದಿಗೆ ಸುಮಾರು ಹದಿನೈದು ಅಡಿ ಸರಿಯಬಹುದು. ನಿಂತ ಲಾರಿಯನ್ನು ಬಳಸಿಕೊಂಡು ಹೋಗಬಹುದು. ಟ್ರ್ಯಾಮಿಗೆ ಆ ಭಾಗ್ಯ ಇರಲಿಲ್ಲ.

ಇಷ್ಟೆಲ್ಲವನ್ನೂ ಈ ಮ್ಯೂಸಿಯಂನವರು ತಾವೇ ಕಟ್ಟಿ ನಿಲ್ಲಿಸಿದ್ದಾರೆ. ಕಂಬ, ಅಡ್ಡ ತಂತಿ, ತಿರುವು, ಫ್ರಾಗ್, ಎಲ್ಲ. ನನ್ನ ಮಟ್ಟಿಗೆ ಇಲ್ಲಿ ಮೊದಲು ನೋಡಬೇಕಾದ್ದು ಇದೇ. ಬಸ್ಸು ಉಳಿಸುವುದು ಕಷ್ಟ, ಒಪ್ಪುತ್ತೇನೆ. ಆದರೆ ತಂತಿ ಇಲ್ಲದ ಟ್ರಾಲಿಬಸ್ಸು ಬರೀ ಪೀಠೋಪಕರಣ. ಹಳೆ ಡೀಸೆಲ್ ಬಸ್ಸನ್ನು ಉಳಿಸಿಕೊಂಡವನು ಟ್ಯಾಂಕಿಗೆ ಎಣ್ಣೆ ಹಾಕಿ ಭಾನುವಾರ ಒಂದು ಸುತ್ತು ಹೋಗಿ ಬರಬಹುದು. ಟ್ರಾಲಿಬಸ್ ಉಳಿಸಿಕೊಂಡವನು ಮೊದಲು ಒಂದು ಬೀದಿಗೆ ತಂತಿ ಎಳೆಯಬೇಕು.

ಇನ್ನು ಸವಾರಿ. ನಾವು ಮೊದಲು ಹತ್ತಿದ್ದು ಹಡರ್ಸ್‌ಫೀಲ್ಡ್‌ನ ಕೆಂಪು ಡಬಲ್ ಡೆಕ್ಕರ್. ಆರು ಚಕ್ರದ ಗಟ್ಟಿ ಆಳು. ಹಡರ್ಸ್‌ಫೀಲ್ಡ್ ಅಂದರೆ ಗುಡ್ಡದ ಊರು, 1933ರಿಂದ 1968ರವರೆಗೆ ಅಲ್ಲಿ ಇವು ಏರುಗಳನ್ನು ಲೆಕ್ಕಕ್ಕಿಡದೆ ಹತ್ತುತ್ತಿದ್ದವು. ಏರಿನಲ್ಲಿ ಹಿಂದಕ್ಕೆ ಜಾರದ ಹಾಗೆ, ಇಳಿಜಾರಿನಲ್ಲಿ ಓಟ ಕೈಮೀರದ ಹಾಗೆ ಬೇರೆ ಬೇರೆ ಬ್ರೇಕು. ಇಲ್ಲಿ ಸ್ಯಾಂಡ್‌ಟಾಫ್ಟ್‌ನಲ್ಲಿ ಏರೂ ಇಲ್ಲ, ಇಳಿಜಾರೂ ಇಲ್ಲ, ನೆಲ ದೋಸೆಕಲ್ಲು. ಪಾಪ, ಆ ಬಸ್ಸಿನ ತಾಕತ್ತು ಏನು ಅಂತ ಇಲ್ಲಿ ಗೊತ್ತಾಗುವುದಿಲ್ಲ. ಸುತ್ತೂ ಚಿಕ್ಕದು. ವೇಗ ಬರುವಷ್ಟರಲ್ಲಿ ತಿರುವು ಬರುತ್ತದೆ.

ಆದರೆ ಹೊರಡುವ ಆ ಕ್ಷಣ ಇದೆಯಲ್ಲ, ಅದಕ್ಕೆ ಹೋಗಬೇಕು. ಎಂಜಿನ್ ನಡುಗುವುದಿಲ್ಲ, ಗೇರು ಇಲ್ಲ, ಕ್ಲಚ್ ಇಲ್ಲ. ನೆಲದಡಿಯಿಂದ ಒಂದು ಗುಂಯ್ ಅನ್ನುವ ಸದ್ದು, ಅಷ್ಟೇ. ನಿಂತವರು ಕಂಬಿ ಹಿಡಿದುಕೊಳ್ಳದಿದ್ದರೆ ಹಿಂದಕ್ಕೆ ಬೀಳುತ್ತಾರೆ, ಅಷ್ಟು ಎಳೆತ. ಇಲ್ಲಿನ ಹಳೆ ಜನ ಇವುಗಳಿಗೆ ಸದ್ದಿಲ್ಲದ ಸಾವು ಅಂತ ಹೆಸರಿಟ್ಟಿದ್ದರಂತೆ. ಹಿಂದಿನಿಂದ ಬಂದರೆ ಗೊತ್ತೇ ಆಗುತ್ತಿರಲಿಲ್ಲ. ಡ್ರೈವರಿನ ಕಾಲಡಿ ನೋಡಿದರೆ ಇನ್ನೊಂದು ವಿಚಿತ್ರ ಕಾಣುತ್ತದೆ. ಅಲ್ಲಿ ಎರಡೇ ಪೆಡಲು. ಬಹಳಷ್ಟು ಬ್ರಿಟಿಷ್ ಟ್ರಾಲಿಬಸ್ಸುಗಳಲ್ಲಿ ಕರೆಂಟು ಕೊಡುವುದು ಎಡಗಾಲು, ಬ್ರೇಕು ಬಲಗಾಲು. ಕಾರು ಓಡಿಸಿ ಅಭ್ಯಾಸ ಆದವರಿಗೆ ನೋಡಿದರೇ ತಲೆ ತಿರುಗುತ್ತದೆ.

ಮೇಲಿನ ಮಹಡಿಯ ಮುಂದಿನ ಸೀಟಿಗೆ ಮಕ್ಕಳ ನಡುವೆ ಯುದ್ಧ. ನನ್ನ ಮಗಳು ಗೆದ್ದಳು. ಅವಳಿಗೆ ಟ್ರಾಲಿಬಸ್ಸಿನ ಚರಿತ್ರೆ ಬೇಕಿರಲಿಲ್ಲ. ಗಂಟೆಯ ಲೆಕ್ಕ ಇಷ್ಟವಾಯಿತು. ಕಂಡಕ್ಟರ್ ಒಂದು ಸಲ ಬಾರಿಸಿದರೆ ನಿಲ್ಲು, ಎರಡು ಸಲ ಹೊರಡು, ಮೂರು ಸಲ ಬಸ್ಸು ತುಂಬಿದೆ. ನಮ್ಮ ಉಡುಪಿ, ಕುಂದಾಪುರ ಕಡೆಯ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಬಾಯಲ್ಲಿ ಸೀಟಿ ಇಟ್ಟುಕೊಂಡು ಇಷ್ಟನ್ನೇ ಹೇಳುತ್ತಾರೆ ಅಂತ ಅವಳಿಗೆ ಅಜ್ಜಯ್ಯ ತಿಳಿಸಿಕೊಟ್ಟರು. ಊದಿಯೂ ತೋರಿಸಿದರು. ಬಸ್ಸಿನಲ್ಲಿದ್ದ ಇಂಗ್ಲಿಷರೆಲ್ಲ ತಿರುಗಿ ನೋಡಿದರು.

ಈಗ ಅಪ್ಪಯ್ಯನ ವಿಷಯಕ್ಕೆ ಬರುತ್ತೇನೆ. ಈ ಜಾಗದ ಅಸಲು ವಿಮರ್ಶಕರು ಅವರೇ. ಅವರು 15 ವರ್ಷದ ಹುಡುಗನಾಗಿ 1963ರಲ್ಲಿ ಮುಂಬೈಗೆ ಹೋದವರು. ಮಜಗಾಂವ್ ಕಡೆ ಒಂದು ಉಡುಪಿ ಹೋಟೆಲಿನಲ್ಲಿ ಮಾಣಿ. ಹಗಲು ಲೋಟ ತೊಳೆಯುವುದು, ಸಂಜೆ ಫೋರ್ಟ್ ಕಡೆಯ ಕನ್ನಡ ರಾತ್ರಿ ಶಾಲೆ. ಆ ಕಾಲದ ಕರಾವಳಿ ಹುಡುಗರ ಕತೆ ಹೆಚ್ಚುಕಡಿಮೆ ಇದೇ ಅಲ್ವಾ. ಮುಂಬೈನಲ್ಲಿ ಆಗ ಟ್ರ್ಯಾಮಿನ ಕೊನೆಗಾಲ. 1964ರ ಮಾರ್ಚ್ 31ಕ್ಕೆ ಅದು ನಿಂತೇ ಹೋಯಿತು. ಅದಕ್ಕೂ ಮೊದಲೇ, 1962ರ ಜೂನ್ 11ರಂದು, ನಗರದ ಬಸ್ಸು ನಡೆಸುವ ಸಂಸ್ಥೆಯಾದ ಬೆಸ್ಟ್‌ನವರು ಗೋವಾಲಿಯಾ ಟ್ಯಾಂಕಿನಿಂದ ಮಜಗಾಂವ್ ಡಾಕ್‌ವರೆಗೆ ಟ್ರಾಲಿಬಸ್ ಶುರು ಮಾಡಿದ್ದರು. ತಮಾಷೆ ನೋಡಿ. ಲಂಡನ್ನಿನ ಕೊನೆಯ ಟ್ರಾಲಿಬಸ್ ಓಡಿದ್ದು ಅದೇ 1962ರ ಮೇ 8ರಂದು. ಒಂದು ಕಾಲಕ್ಕೆ 1,811 ಬಸ್ಸುಗಳಿದ್ದ, ಪ್ರಪಂಚದಲ್ಲೇ ದೊಡ್ಡದಾದ ವ್ಯವಸ್ಥೆ ಅದು. ಅವರು ತಂತಿ ಬಿಚ್ಚಲು ಕೈಹಾಕಿದಾಗ ನಾವು ಕಟ್ಟಿ ಉದ್ಘಾಟನೆ ಮಾಡಿದ್ದೆವು. ದೆಹಲಿಯಲ್ಲಿ 1935ರಿಂದ ಇದ್ದದ್ದು ಕೂಡ ಅದೇ ವರ್ಷ ನಿಂತಿತು. ಮುಂಬೈನದ್ದು 1971ರ ಮಾರ್ಚ್ 24ರವರೆಗೆ ಬದುಕಿತು. ಒಂಬತ್ತು ವರ್ಷವೂ ತುಂಬಲಿಲ್ಲ.

ಆ ಒಂಬತ್ತು ವರ್ಷದಲ್ಲಿ ಬಹುಪಾಲು ಅಪ್ಪಯ್ಯ ಅಲ್ಲೇ ಇದ್ದರು. ಆದರೆ ನಮ್ಮ ಮನೆಯಲ್ಲಿ ಈ ವಿಷಯ ಯಾವತ್ತೂ ಬಂದದ್ದಿಲ್ಲ. ಮುಂಬೈ ಅಂದರೆ ಅವರು ಹೇಳುತ್ತಿದ್ದದ್ದು ಹೋಟೆಲಿನ ಯಜಮಾನರು, ನೀರಿನ ಸಾಲು, ಚಾಳಿನ ಜಗಳ. ಸ್ಯಾಂಡ್‌ಟಾಫ್ಟ್‌ನಲ್ಲಿ ಬಸ್ಸಿನ ಹಿಂದೆ ನಿಂತು ಕೋಲು ನೋಡಿದ್ದೇ ತಡ, ಶುರುವಾಯಿತು.

"ಇದು ಮಜಗಾಂವ್ ಬಸ್ಸಲ್ದಾ! ಕೋಲು ಹಾರಿದ್ರೆ ಬಸ್ಸಿನೊಳಗೆ ಕತ್ತಲೆ ಮಾರಾಯ. ಕಂಡಕ್ಟರ್ ಬೈಕೊಂಡು ಇಳೀತಿದ್ದ."

ಕೋಲು ಹಾರುವುದು ಟ್ರಾಲಿಬಸ್ಸಿನ ಹುಟ್ಟುಗುಣ. ತಿರುವಿನಲ್ಲಿ ವೇಗ ಜಾಸ್ತಿಯಾದರೆ, ಫ್ರಾಗ್ ಸರಿಯಾಗಿ ಬೀಳದಿದ್ದರೆ, ಕೋಲು ತಂತಿ ಬಿಟ್ಟು ಮೇಲಕ್ಕೆ ಚಿಮ್ಮುತ್ತದೆ. ಮತ್ತೆ ಸಿಕ್ಕಿಸಲು ಬ್ರಿಟಿಷ್ ಬಸ್ಸುಗಳ ಅಡಿಯಲ್ಲಿ ಒಂದು ಉದ್ದ ಕೊಳವೆ ಇರುತ್ತದೆ. ಅದರೊಳಗೆ ಒಂದು ಬಿದಿರಿನ ಗಳ, ತುದಿಗೆ ಕಬ್ಬಿಣದ ಕೊಕ್ಕೆ. ಹಿಂದಿನಿಂದ ಎಳೆದು ತೆಗೆಯುವುದು. ಬಿದಿರು ಯಾಕೆಂದರೆ ಹಗುರ, ಒಣಗಿದ್ದರೆ ಕರೆಂಟೂ ಹೊಡೆಯುವುದಿಲ್ಲ. ಅಲ್ಲಿದ್ದ ಸ್ವಯಂಸೇವಕರೊಬ್ಬರು ಅದನ್ನು ಹೊರಗೆ ಎಳೆದು ತೋರಿಸಿದರು. ಅಪ್ಪಯ್ಯ ನೋಡಿ, "ಇದು ನಮ್ಮ ದೋಟಿಯೇ, ಮಾವಿನಕಾಯಿ ಕೊಯ್ಯುವ ದೋಟಿ" ಅಂದರು. ಇಂಗ್ಲಿಷಿಗೆ ನಾನು ತಿರುಗಿಸಿದೆ. ಆ ಮನುಷ್ಯ ನಕ್ಕು ಗಳವನ್ನು ಅಪ್ಪಯ್ಯನ ಕೈಗೇ ಕೊಟ್ಟರು, ಹಿಡಿದು ನೋಡಲಿ ಅಂತ. ಅವರು ಹಿಡಿದ ರೀತಿ ನೋಡಿದರೆ ತೋಟದಲ್ಲಿ ಬೆಳೆದವರು ಅಂತ ಯಾರಿಗಾದರೂ ಗೊತ್ತಾಗುತ್ತಿತ್ತು.

ಇಂಥ ಸ್ವಯಂಸೇವಕರೇ ಈ ಜಾಗದ ನಿಜವಾದ ಆಸ್ತಿ. ಮಾತಾಡಿಸಿ. ಸುಮ್ನೆ ಫಲಕ ಓದಿಕೊಂಡು ಹೋದರೆ ಅರ್ಧ ತಪ್ಪಿಹೋಗುತ್ತದೆ. ನಮಗೆ ಸಿಕ್ಕ ಹಿರಿಯರು ಡಾಂಕಾಸ್ಟರ್ ಪಕ್ಕದ ಬೆಂಟ್ಲಿಯವರು, ಗಣಿ ಕಾರ್ಮಿಕರ ಮನೆತನ. ಡಾಂಕಾಸ್ಟರ್‌ನಲ್ಲಿ ಟ್ರಾಲಿಬಸ್ ಓಡಿದ್ದು 1928ರಿಂದ 1963ರವರೆಗೆ. ಬೆಂಟ್ಲಿ, ಬಾಲ್ಬಿ, ಹೆಕ್ಸ್‌ಥಾರ್ಪ್, ಬೆಕೆಟ್ ರೋಡ್, ರೇಸ್‌ಕೋರ್ಸ್, ಹೀಗೆ ಬಾಯಿಪಾಠ ಒಪ್ಪಿಸಿದರು. ನಾನು ದಿನಾ ಕಾರಿನಲ್ಲಿ ಓಡಾಡುವ ರಸ್ತೆಗಳು. ಸೆಪ್ಟೆಂಬರಿನಲ್ಲಿ ಸೇಂಟ್ ಲೆಜರ್ ಕುದುರೆ ರೇಸು ಬಂದರೆ ರೇಸ್‌ಕೋರ್ಸ್ ದಾರಿಯಲ್ಲಿ ಬಸ್ಸಿನ ಹಿಂದೆ ಬಸ್ಸು, ಒಂದನ್ನೊಂದು ದಾಟಲು ಆಗುವುದಿಲ್ಲ, ಒಂದೇ ಜೋಡಿ ತಂತಿ. ಮುಂದಿನದು ಕೆಟ್ಟರೆ ಹಿಂದಿನದರ ಕೋಲು ಇಳಿಸಬೇಕು. ಅವರ ಅಜ್ಜಿ ಮಾತ್ರ ಕೊನೆಯವರೆಗೂ ಅವುಗಳನ್ನು "ಟ್ರ್ಯಾಕ್‌ಲೆಸ್" ಅಂತಲೇ ಕರೆಯುತ್ತಿದ್ದರಂತೆ. ಹಳಿ ಇಲ್ಲದ ಟ್ರ್ಯಾಮು ಅನ್ನುವ ಲೆಕ್ಕ.

ಡಾಂಕಾಸ್ಟರ್‌ನವರು ಜುಗ್ಗರು ಅಂತ ಅವರೇ ನಕ್ಕರು. ಯುದ್ಧಕಾಲದ ಬಸ್ಸುಗಳ ಮೈ ಹಾಳಾದಾಗ 50ರ ದಶಕದಲ್ಲಿ ಅವಕ್ಕೆ ಹೊಸ ಬಾಡಿ ಕಟ್ಟಿಸಿದ್ದರು. ಕೆಲವೇ ವರ್ಷದಲ್ಲಿ ಟ್ರಾಲಿಬಸ್ ಬೇಡವಾಯಿತು. ಬಾಡಿ ಇನ್ನೂ ಗಟ್ಟಿಯಿತ್ತು. ಬಿಸಾಡುವುದು ಹೇಗೆ? ಬಿಚ್ಚಿ ತೆಗೆದು ಡೀಸೆಲ್ ಬಸ್ಸಿನ ಚಾಸಿಗೆ ಕೂರಿಸಿ ಇನ್ನೂ ಎಷ್ಟೋ ವರ್ಷ ಓಡಿಸಿದರು. ಕೆಳಗೆ ಡೀಸೆಲ್, ಮೇಲೆ ಟ್ರಾಲಿಬಸ್. ಇದನ್ನು ಕೇಳಿ ಅಪ್ಪಯ್ಯನಿಗೆ ಡಾಂಕಾಸ್ಟರ್ ಮೇಲೆ ಮೊದಲ ಸಲ ಗೌರವ ಬಂತು.

ಹಾಗಾದರೆ ಇಷ್ಟು ಒಳ್ಳೆಯ ಬಸ್ಸು ಯಾಕೆ ಹೋಯಿತು? ಹೊಗೆ ಇಲ್ಲ, ಸದ್ದಿಲ್ಲ, ಏರು ಹತ್ತುತ್ತದೆ. ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಾರೆ, ನನಗೆ ಒಪ್ಪಿಗೆಯಾದದ್ದು ಕರೆಂಟಿನ ಕತೆ. ಮೊದಲು ಇಲ್ಲಿನ ನಗರಸಭೆಗಳಿಗೆ ತಮ್ಮದೇ ವಿದ್ಯುತ್ ಸ್ಥಾವರ ಇತ್ತು. ತಮ್ಮ ಕರೆಂಟನ್ನು ತಮ್ಮ ಬಸ್ಸಿಗೇ ಕೊಟ್ಟುಕೊಳ್ಳುತ್ತಿದ್ದರು, ಮನೆಯ ದುಡ್ಡು ಮನೆಯಲ್ಲೇ. 1948ರಲ್ಲಿ ವಿದ್ಯುತ್ ರಾಷ್ಟ್ರೀಕರಣ ಆಯಿತು. ಆಮೇಲೆ ಬಿಲ್ ಬರಲು ಶುರು. ಅದರ ಮೇಲೆ ಊರ ಹೊರಗೆ ಹೊಸ ಬಡಾವಣೆಗಳು ಎದ್ದವು. ಡೀಸೆಲ್ ಬಸ್ಸನ್ನು ಮರುದಿನವೇ ಅಲ್ಲಿಗೆ ಕಳಿಸಬಹುದು, ಟ್ರಾಲಿಬಸ್ಸಿಗೆ ಕಂಬ ನೆಡಬೇಕು. ಊರ ಮಧ್ಯೆ ಹೊಸ ರಸ್ತೆ, ಒನ್‌ವೇ ಅಂತ ಬಂದಾಗಲೆಲ್ಲ ತಂತಿ ಬಿಚ್ಚಿ ಮತ್ತೆ ಕಟ್ಟಬೇಕು. ತಂತಿ ಸರಿಸುವ ಕೆಲಸ ಎಷ್ಟು ದುಬಾರಿ ಅಂತ ನನ್ನ ಕಸುಬಿನವರಿಗೆ ಗೊತ್ತು. ಕೊನೆಗೆ ಹೊಸ ಬಸ್ಸು ಮಾಡಿಕೊಡುವ ಕಂಪನಿಗಳೂ ಇಲ್ಲವಾದವು. ನಾಟಿಂಗ್‌ಹ್ಯಾಮ್ 1966ರಲ್ಲಿ ನಿಲ್ಲಿಸಿತು. 1911ರಲ್ಲಿ ಲೀಡ್ಸ್ ಜೊತೆ ದೇಶಕ್ಕೇ ಮೊದಲು ಶುರು ಮಾಡಿದ್ದ ಬ್ರಾಡ್‌ಫರ್ಡ್, 1972ರ ಮಾರ್ಚ್ 26ರಂದು ಎಲ್ಲರಿಗಿಂತ ಕೊನೆಗೆ ನಿಲ್ಲಿಸಿತು. ಲೀಡ್ಸ್‌ನಲ್ಲಿ ಮತ್ತೆ ಟ್ರಾಲಿಬಸ್ ತರುವ ಯೋಜನೆಯೊಂದು ವರ್ಷಗಟ್ಟಲೆ ನಡೆದು, 2016ರಲ್ಲಿ ಸರ್ಕಾರ ಅದನ್ನು ತಳ್ಳಿಹಾಕಿತು. ಆಗ ನಮ್ಮ ಆಫೀಸಿನ ಕೆಲವರು ನಿಜವಾಗಿ ಬೇಜಾರು ಮಾಡಿಕೊಂಡಿದ್ದರು, ಕೆಲಸ ಸಿಗುತ್ತಿತ್ತಲ್ಲ.

ಶೆಡ್ಡಿನೊಳಗೆ ನಿಂತ ಬಸ್ಸುಗಳ ಬಗ್ಗೆ ಹೇಳಬೇಕು. ಒಂದರ ಮೈಗೆ ಒಂದು ತಾಗುವ ಹಾಗೆ ನಿಂತಿವೆ, ಹಾಗಾಗಿ ಫೋಟೋ ಹುಚ್ಚಿನವರು ಹೊರಗೆ ಬಿಟ್ಟ ಬಸ್ಸುಗಳನ್ನೇ ನಂಬಿಕೊಳ್ಳುವುದು ಒಳ್ಳೆಯದು. ಇಂಗ್ಲಿಷ್ ಬಸ್ಸುಗಳೆಲ್ಲ ಮೇಲ್ನೋಟಕ್ಕೆ ಒಂದೇ ಥರ, ಬಣ್ಣ ಬೇರೆ ಅಷ್ಟೇ. ನನ್ನ ಹೆಂಡತಿ ಇದನ್ನು ಮೂರು ನಿಮಿಷಕ್ಕೇ ಹೇಳಿಬಿಟ್ಟಳು. ನನಗೆ ಹೊರದೇಶದವು ಹೆಚ್ಚು ಹಿಡಿಸಿದವು. ಬೆಲ್ಜಿಯಂನ ಲಿಯೇಜ್‌ನಿಂದ ಬಂದ 30ರ ದಶಕದ ಸಿಂಗಲ್ ಡೆಕ್ಕರ್ ಇದೆ. ಫ್ರಾನ್ಸಿನ ಲಿಮೋಜ್‌ನದ್ದು ಒಂದು, ಯುದ್ಧದ ನಡುವೆ 1943ರಲ್ಲಿ ಕಟ್ಟಿದ್ದು. ಪೆಟ್ರೋಲ್ ಕಣ್ಣಿಗೆ ಕಾಣದ ಕಾಲದಲ್ಲಿ ಟ್ರಾಲಿಬಸ್ಸೇ ಗತಿ. ಕೆನಡಾದ ಎಡ್ಮಂಟನ್‌ನದ್ದು 80ರ ದಶಕದ್ದು, ಅದನ್ನು ನೋಡಿ ಮಗಳು "ಇದು ಹಳೇದೇ ಅಲ್ಲ" ಅಂದಳು.

ಎಲ್ಲಕ್ಕಿಂತ ಕತೆ ಇರುವುದು ಲಂಡನ್ನಿನ 1812 ನಂಬರಿನದ್ದಕ್ಕೆ. 1948ರ ಬಸ್ಸು. ಲಂಡನ್ನು ಕೈಬಿಟ್ಟಾಗ ಆ ಮಾದರಿಯ 127ರಲ್ಲಿ 125 ಬಸ್ಸುಗಳನ್ನು ಸ್ಪೇನಿಗೆ ಮಾರಿದರು. ಅಲ್ಲಿ ರಸ್ತೆಯ ಬಲಬದಿಯ ಓಡಾಟ, ಬಾಗಿಲನ್ನು ಇನ್ನೊಂದು ಪಕ್ಕಕ್ಕೆ ಮಾಡಿಸಿಕೊಂಡರು. ಈ 1812 ಸಾಂಟಾಂಡರ್ ಅನ್ನುವ ಬಂದರು ಊರಿನಲ್ಲಿ ದುಡಿದು, ಅಲ್ಲಿಂದ ಹವ್ಯಾಸಿಗಳ ಕೈಗೆ ಸಿಕ್ಕಿ ತವರಿಗೆ ಮರಳಿತು. ಹೊರದೇಶಕ್ಕೆ ಹೋಗಿ ದುಡಿದು ವಾಪಸ್ ಬಂದದ್ದು ಅಂತ ಅಪ್ಪಯ್ಯನಿಗೆ ಹೇಳಿದೆ. "ನಿನಗಿಂತ ಬುದ್ಧಿ ಇತ್ತು ಅದಕ್ಕೆ" ಅಂದರು.

ಕಸುಬಿನವರಿಗಾಗಿ ಇನ್ನೊಂದು ವಿಷಯ. ಇವು 550ರಿಂದ 600 ವೋಲ್ಟ್ ಡಿಸಿಯಲ್ಲಿ ಓಡುತ್ತಿದ್ದ ಬಸ್ಸುಗಳು. ರಬ್ಬರ್ ಟೈರಿನ ಮೇಲೆ ಇಡೀ ಬಸ್ಸು ನೆಲದಿಂದ ಬೇರೆಯಾಗಿ ನಿಂತಿರುತ್ತದೆ. ಒಳಗೆ ಎಲ್ಲಾದರೂ ಇನ್ಸುಲೇಷನ್ ಸೋರಿದರೆ ಬಸ್ಸಿನ ಮೈಯೇ ಕರೆಂಟು. ಒಳಗೆ ಕೂತವರಿಗೆ ಏನೂ ಆಗುವುದಿಲ್ಲ. ಒಂದು ಕಾಲು ನೆಲದಲ್ಲಿಟ್ಟು ಕಂಬಿ ಹಿಡಿದು ಹತ್ತುವವನಿಗೆ ಹೊಡೆಯುತ್ತದೆ. ಅದಕ್ಕೆ ಡಿಪೋಗಳಲ್ಲಿ ಸೋರಿಕೆ ಅಳೆಯುವುದು ನಿತ್ಯದ ಕೆಲಸವಾಗಿತ್ತು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಈ ಬಸ್ಸು ಓಡಿಸಿದ್ದರೆ ಹೇಗಿರುತ್ತಿತ್ತೋ! ಮುಂಬೈ ಮಳೆಯಲ್ಲಿ ಓಡಿಸಿದರಲ್ಲ, ಅವರಿಗೆ ಒಂದು ನಮಸ್ಕಾರ. ಬೆಂಗಳೂರಿಗಂತೂ ಟ್ರ್ಯಾಮೂ ಬರಲಿಲ್ಲ, ಟ್ರಾಲಿಬಸ್ಸೂ ಬರಲಿಲ್ಲ. ಈಗ ನೇರವಾಗಿ ಬ್ಯಾಟರಿ ಬಸ್ಸು. ಸದ್ದಿಲ್ಲದೆ ಹೊರಡುವುದರಲ್ಲಿ ಎರಡೂ ಒಂದೇ. ಆದರೆ ಬ್ಯಾಟರಿ ಬಸ್ಸು ಟನ್‌ಗಟ್ಟಲೆ ಭಾರ ಹೊತ್ತು ತಿರುಗಬೇಕು, ಟ್ರಾಲಿಬಸ್ಸಿಗೆ ಆ ಹೊರೆ ಇಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಇವತ್ತಿಗೂ ಟ್ರಾಲಿಬಸ್ಸೇ ಎಷ್ಟೋ ಊರುಗಳ ಬೆನ್ನೆಲುಬು. ಈಗಿನವು ತಂತಿಯಡಿ ಹೋಗುವಾಗ ಸಣ್ಣ ಬ್ಯಾಟರಿ ತುಂಬಿಕೊಂಡು ತಂತಿ ಇಲ್ಲದ ಕಡೆಯೂ ಓಡುತ್ತವೆ. ನನ್ನ ಓಟು ಅದಕ್ಕೇ. ತಂತಿ ಕೆಲಸದವನ ಓಟು ಬೇರೆ ಯಾವುದಕ್ಕೆ ಬೀಳುತ್ತದೆ?

ಉಳಿದದ್ದನ್ನು ಬೇಗ ಹೇಳುತ್ತೇನೆ. ಬಸ್ಸಲ್ಲದೆ ಅಲ್ಲಿ ಯುದ್ಧಾನಂತರದ ಒಂದು ಪುಟ್ಟ ರೆಡಿಮೇಡ್ ಮನೆ ಇದೆ. ಬಾಂಬು ಬಿದ್ದು ಮನೆ ಕಳೆದುಕೊಂಡವರಿಗಾಗಿ ಕಾರ್ಖಾನೆಯಲ್ಲಿ ತಯಾರಿಸಿ ತಂದು ಜೋಡಿಸಿದ ಮನೆಗಳು. ಅಂಥವು ದೇಶದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಎದ್ದಿದ್ದವು. ಒಳಗಿನ ಅಡುಗೆಮನೆ, ರೇಡಿಯೋ, ಮಂಚ ಎಲ್ಲ ಆ ಕಾಲದ್ದೇ. ಹೆಂಡತಿ ಬಸ್ಸುಗಳಿಗಿಂತ ಹೆಚ್ಚು ಹೊತ್ತು ಇದ್ದದ್ದು ಇಲ್ಲೇ. ಹಳೆ ಅಂಗಡಿ ಸಾಮಾನುಗಳನ್ನೂ ಇಟ್ಟಿದ್ದಾರೆ, ಡಬ್ಬಿ, ಸೋಪು, ಸಿಗರೇಟು ಪೊಟ್ಟಣ. ಹಳೆ ಇಂಗ್ಲಿಷ್ ಮನೆಗಳಲ್ಲಿ ಬೆಳೆದವರಿಗೆ ಕಣ್ಣು ಒದ್ದೆಯಾಗುತ್ತದೆ, ನಮಗೆ ಅಷ್ಟೇನೂ ಅನ್ನಿಸಲಿಲ್ಲ.

ಊಟದ ವಿಷಯದಲ್ಲಿ ನಮ್ಮವರಿಗೆ ಒಂದೇ ಮಾತು, ಬುತ್ತಿ ಒಯ್ಯಿರಿ. ಇಂಗ್ಲೆಂಡಿನ ಯಾವ ಮ್ಯೂಸಿಯಂಗೆ ಹೋದರೂ ನನ್ನ ಸಲಹೆ ಇದೇ. ಸ್ಯಾಂಡ್‌ವಿಚ್ಚು, ಕೇಕು, ಚಹಾ ಎಲ್ಲ ಕಡೆ ಸಿಗುತ್ತದೆ, ಊರಿನಿಂದ ಬಂದ ಹಿರಿಯರಿಗೆ ಅದು ಊಟ ಅನ್ನಿಸುವುದಿಲ್ಲ. ನಾವು ಚಿತ್ರಾನ್ನ, ಮೊಸರನ್ನ, ಮಿಡಿ ಉಪ್ಪಿನಕಾಯಿ ತೆಗೆದುಕೊಂಡು ಹೋಗಿ ಹುಲ್ಲಿನ ಮೇಲೆ ಕೂತು ತಿಂದೆವು. ಗಾಳಿ ಮಾತ್ರ ವಿಪರೀತ. ಸುತ್ತ ತಡೆಯಲು ಒಂದು ಗುಡ್ಡವಿಲ್ಲ. ಜುಲೈ ತಿಂಗಳಾದರೂ ಹಿರಿಯರಿಗೆ ಸ್ವೆಟರ್, ಮಫ್ಲರ್ ಇರಲಿ.

ಹೋಗುವುದು ಹೇಗೆ? ಡಾಂಕಾಸ್ಟರ್‌ನಿಂದ ಎಂ18, ಆಮೇಲೆ ಎಂ180 ಹೆದ್ದಾರಿ ಹಿಡಿದು, ಎಂ180ರ ಎರಡನೇ ಜಂಕ್ಷನ್ನಿನಲ್ಲಿ ಇಳಿದು ಬೆಲ್ಟನ್ ಕಡೆಗೆ. ಕಾರು ಇಲ್ಲದವರಿಗೆ ಕಷ್ಟ. ಬಸ್ಸಿನ ಮ್ಯೂಸಿಯಂಗೆ ಬಸ್ಸಿನಲ್ಲಿ ಹೋಗುವುದೇ ಸುಲಭವಿಲ್ಲ ಅನ್ನುವುದು ಈ ಹಳ್ಳಿಗಾಡಿನ ಹಣೆಬರಹ. ಇನ್ನೊಂದು, ವರ್ಷವಿಡೀ ತೆರೆದಿರುವುದಿಲ್ಲ. ಆಯ್ದ ದಿನಗಳಲ್ಲಿ ಮಾತ್ರ. ಅವರ ಕ್ಯಾಲೆಂಡರ್ ನೋಡದೆ ಹೊರಡಬೇಡಿ. ಜುಲೈ ಕೊನೆಗೆ ದೊಡ್ಡ ಮೇಳ ಇರುತ್ತದೆ, ಬೇರೆ ಕಡೆಯ ಹಳೆ ಬಸ್ಸುಗಳೂ ಬರುತ್ತವೆ. ಜಾತ್ರೆ ಇಷ್ಟಪಡುವವರು ಆಗ ಹೋಗಿ. ಹಿರಿಯರ ಜೊತೆ ನಿಧಾನವಾಗಿ ಮಾತಾಡಿಕೊಂಡು ನೋಡಬೇಕು ಅನ್ನುವವರು ಸಾಮಾನ್ಯ ದಿನವೇ ಹೋಗಿ. ಮೊಣಕಾಲು ನೋವಿದ್ದವರಿಗೆ ಡಬಲ್ ಡೆಕ್ಕರ್ ಮೆಟ್ಟಿಲು ತುಂಬಾ ಕಡಿದಾಗಿದೆ, ಅವರನ್ನು ಕೆಳಗೇ ಕೂರಿಸಿ. ಕೆಳಗೆ ಕೂತರೂ ಮೋಟಾರಿನ ಸದ್ದು ಚೆನ್ನಾಗಿ ಕೇಳುತ್ತದೆ, ಒಂದು ಲೆಕ್ಕಕ್ಕೆ ಅದೇ ಒಳ್ಳೆಯ ಜಾಗ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಳೆದದ್ದು ಆ ಸಪಾಟು ನೆಲಕ್ಕೆ, ಅದು ಯಾರ ತಪ್ಪೂ ಅಲ್ಲ. ಅಪ್ಪಯ್ಯ ಐದಕ್ಕೆ ಐದು ಕೊಟ್ಟಿದ್ದಾರೆ. ಮೇಳದ ದಿನ ಮತ್ತೆ ಹೋಗೋಣ ಅಂತ ವಾಪಸ್ ಟಿಕೆಟನ್ನು ಆಗಸ್ಟ್‌ಗೆ ಮುಂದೂಡಿಸಿದ್ದಾರೆ. ಅದರ ಖರ್ಚು ನನ್ನದು.